‘ಲ್ಯಾಟರೈಟ್’ ಎಂಬುದು ಕಲ್ಲಿನ ಹೆಸರೋ, ಮಣ್ಣಿನ ಹೆಸರೋ?

ಪ್ರಶ್ನೆ: ಬದಿಯಡ್ಕದ ಅಧ್ಯಾಪಿಕೆ
ಬದಿಯಡ್ಕ ಸಮೀಪದ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ನಾನು ಸಮಾಜ ವಿಜ್ಞಾನ ಕಲಿಸುತ್ತೇನೆ. ಮಣ್ಣಿನ ವಿಧಗಳ ಪಾಠದಲ್ಲಿ ‘ಲ್ಯಾಟರೈಟ್ ಮಣ್ಣು’ ಎಂಬ ಮಾತು ಬಂದಾಗ, ಅದನ್ನು ಕನ್ನಡದಲ್ಲಿ ಜಂಬಿಟ್ಟಿಗೆ ಮಣ್ಣು ಎನ್ನುತ್ತಾರೆ ಎಂದು ವಿವರಿಸಿದೆ. ಆಗ ವಿದ್ಯಾರ್ಥಿನಿಯೊಬ್ಬಳು, ತನ್ನ ಮನೆಯ ಗೋಡೆಯ ಮುರಕಲ್ಲನ್ನೂ ತಂದೆ ಲ್ಯಾಟರೈಟ್ ಎಂದೇ ಕರೆಯುತ್ತಾರೆ, ಹಾಗಾದರೆ ಅದು ಕಲ್ಲೋ ಮಣ್ಣೋ ಎಂದು ಕೇಳಿದಳು. ನನಗೆ ಖಚಿತವಾದ ಉತ್ತರ ಹೊಳೆಯಲಿಲ್ಲ. ತಿಳಿದವರು ದಯವಿಟ್ಟು ಬರೆಯಬೇಕು.

ಉತ್ತರ 1: ಮಂಜೇಶ್ವರದ ನಿವೃತ್ತ ಭೂವಿಜ್ಞಾನ ಉಪನ್ಯಾಸಕ
ಟೀಚರ್, ಆ ಪದ ಹುಟ್ಟಿದ್ದು ನಮ್ಮ ಕಾಸರಗೋಡು ಜಿಲ್ಲೆಯಿಂದ ಬಹಳ ದೂರದಲ್ಲೇನೂ ಅಲ್ಲ. ಟಿಪ್ಪುವಿನ ಪತನದ ಬಳಿಕ ಮೈಸೂರು, ಕೆನರಾ, ಮಲಬಾರ್ ಪ್ರಾಂತಗಳನ್ನು ಸಮೀಕ್ಷಿಸಲು ಹೊರಟ ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕಾನನ್, 1800ರ ಕೊನೆಯಲ್ಲಿ ಈಗಿನ ಮಲಪ್ಪುರಂ ಜಿಲ್ಲೆಯ ಅಂಗಾಡಿಪುರಂನಲ್ಲಿ ಈ ಕಲ್ಲನ್ನು ಕಂಡನು. ನೆಲದಲ್ಲಿರುವಾಗ ಕಬ್ಬಿಣದ ಆಯುಧದಿಂದ ಸುಲಭವಾಗಿ ಕಡಿಯಬಹುದಾದಷ್ಟು ಮೆದುವಾಗಿರುವ ಇದು, ಗಾಳಿಗೆ ತೆರೆದುಕೊಂಡ ಮೇಲೆ ಗಟ್ಟಿಯಾಗಿ, ಮಳೆಗಾಳಿಯನ್ನು ಇಟ್ಟಿಗೆಗಿಂತಲೂ ಚೆನ್ನಾಗಿ ತಾಳಿಕೊಳ್ಳುತ್ತದೆ ಎಂಬುದೇ ಅವನನ್ನು ಸೆಳೆದ ಗುಣ. ಇಲ್ಲಿನ ಕೆಲವು ಭಾಷೆಗಳಲ್ಲಿ ಇದನ್ನು ‘ಇಟಿಕ ಕಲ್ಲು’ ಎನ್ನುತ್ತಾರೆಂದು ದಾಖಲಿಸಿ, ಇಟ್ಟಿಗೆ ಎಂಬ ಅರ್ಥದ ‘ಲೇಟರ್’ ಎಂಬ ಲ್ಯಾಟಿನ್ ಪದದಿಂದ ಅವನು ‘ಲ್ಯಾಟರೈಟ್’ ಎಂಬ ಹೆಸರನ್ನು ಕಟ್ಟಿದನು. ಪ್ರವಾಸಕಥನ ಅಚ್ಚಾದದ್ದು 1807ರಲ್ಲಿ. ಎಂದರೆ ಜಗತ್ತಿನ ವಿಜ್ಞಾನಕ್ಕೆ ಸಂದ ಈ ಪದ ನಮ್ಮವರ ಇಟ್ಟಿಗೆ ಕಲ್ಲಿನ ಅನುವಾದವೇ ಹೊರತು ಬೇರೇನಲ್ಲ. ನಿಮ್ಮ ‘ಜಂಬಿಟ್ಟಿಗೆ’ಯಲ್ಲಿಯೂ ಅದೇ ಇಟ್ಟಿಗೆ ಇದೆ. ಆದ್ದರಿಂದ ಮೂಲ ಅರ್ಥದಲ್ಲಿ ಆ ಬಾಲಕಿಯ ತಂದೆಯ ಮಾತೇ ಸರಿ. ಅಂಗಾಡಿಪುರಂನ ಆ ಸ್ಥಳ ಈಗ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಸಾಧ್ಯವಾದರೆ ಮಕ್ಕಳನ್ನು ಒಮ್ಮೆ ಅಲ್ಲಿಗೆ ಕರೆದೊಯ್ಯಿರಿ.

ಉತ್ತರ 2: ಕೃಷಿ ಪದವೀಧರ, ಮುಳ್ಳೇರಿಯ
ಉಪನ್ಯಾಸಕರು ಹೇಳಿದ ಅರ್ಥ ಮುಂದೆ ಹಾಗೆಯೇ ಉಳಿಯಲಿಲ್ಲ ಎಂಬುದನ್ನು ಸೇರಿಸಬೇಕು. 1898ರಲ್ಲಿ ಮ್ಯಾಕ್ಸ್ ಬಾವರ್ ಎಂಬ ಜರ್ಮನ್ ವಿಜ್ಞಾನಿ ಸೆಶೆಲ್ಸ್ ದ್ವೀಪಗಳ ಮಾದರಿಗಳನ್ನು ಪರೀಕ್ಷಿಸಿ, ಅವುಗಳಲ್ಲಿ ಅಲ್ಯುಮಿನಿಯಂ ಹೈಡ್ರಾಕ್ಸೈಡ್ ಇರುವುದನ್ನು ತೋರಿಸಿದ ಮೇಲೆ, ವಿದ್ವಾಂಸರ ಗಮನ ಕಲ್ಲಿನ ಗಡಸುತನದಿಂದ ಅದರ ರಾಸಾಯನಿಕ ಘಟಕಗಳ ಕಡೆಗೆ ಹೊರಳಿತು. 1927ರಲ್ಲಿ ಮಾರ್ಟಿನ್ ಮತ್ತು ಡಾಯ್ನ್ ಎಂಬವರು ಸಿಯೆರಾ ಲಿಯೋನ್‌ನ ಮಣ್ಣುಗಳನ್ನು ಅಭ್ಯಸಿಸಿ, ಜೇಡಿಯ ಅಂಶದಲ್ಲಿ ಅಲ್ಯುಮಿನಾಕ್ಕೆ (ಅಲ್ಯುಮಿನಿಯಂ ಆಕ್ಸೈಡ್) ಸಿಲಿಕಾದ (ಮರಳಿನ ಮುಖ್ಯ ಘಟಕ) ಅನುಪಾತ 1.33ಕ್ಕಿಂತ ಕಡಿಮೆಯಿದ್ದರೆ ಲ್ಯಾಟರೈಟ್, 1.33ರಿಂದ 2ರವರೆಗೆ ಇದ್ದರೆ ಲ್ಯಾಟರೈಟಿಕ್ ಎಂದು ಗೆರೆ ಎಳೆದರು. ಗಟ್ಟಿಯಾಗುವ ಗುಣವೇ ಇಲ್ಲದ ಮಣ್ಣಿಗೂ ಆ ಹೆಸರು ಸಲ್ಲುವಂತಾದದ್ದು ಹೀಗೆ. ನಿಮ್ಮ ಪಾಠದ ‘ಲ್ಯಾಟರೈಟ್ ಮಣ್ಣು’ ಕೂಡ ಪದ ಹಿಗ್ಗಿದ ಈ ದಾರಿಯಲ್ಲೇ ಬಂದದ್ದು. ಗೊಂದಲ ಹೆಚ್ಚಿದ್ದರಿಂದ ಅಮೆರಿಕದ ಮಣ್ಣು ವಿಜ್ಞಾನಿಗಳು 1960ರ ತಮ್ಮ ವರ್ಗೀಕರಣದಲ್ಲಿ, ಒದ್ದೆಯಾಗಿ ಒಣಗಿ ಮತ್ತೆ ಮೆದುವಾಗದಂತೆ ಗಟ್ಟಿಗೊಳ್ಳುವ ಕಬ್ಬಿಣಭರಿತ ಪದರಕ್ಕೆ ‘ಪ್ಲಿಂಥೈಟ್’ ಎಂಬ ಹೊಸ ಹೆಸರನ್ನು ಕೊಟ್ಟರು. ಅದರ ಮೂಲವಾದ ಗ್ರೀಕ್ ಪದದ ಅರ್ಥವೂ ಇಟ್ಟಿಗೆಯೇ! ಬುಕಾನನ್ ಹೇಳಿದ್ದ ಗುಣವನ್ನು ಮರಳಿ ಪಡೆಯಲು ಇನ್ನೊಂದು ಭಾಷೆಯ ಇಟ್ಟಿಗೆ ಬೇಕಾಯಿತೆಂಬುದು ನನಗೆ ಇಂದಿಗೂ ಬೆರಗಿನ ಸಂಗತಿ.

ಉತ್ತರ 3: ಕಲ್ಲುಕೋರೆಯ ಮನೆಯವನು, ಸೀತಾಂಗೋಳಿ
ನಮ್ಮ ತಂದೆಯವರ ಕಾಲದಿಂದಲೂ ಕೋರೆಯ ಕೆಲಸ ನಮ್ಮದು. ಪದವಿನ (ಮುರಕಲ್ಲಿನ ಎತ್ತರದ ಬಯಲಿನ) ಮೇಲ್ಪದರ ಕರ್ರಗೆ ಗಟ್ಟಿಯಾಗಿರುತ್ತದೆ; ಅದನ್ನು ತೆಗೆದರೆ ಕಡಿಯಲು ಬರುವ ಕೆಂಪುಕಲ್ಲು, ಅದರ ಕೆಳಗೆ ಹೋದಂತೆ ನೀರು ತಾಗಿದರೆ ಕುಸಿಯುವ ಶೇಡಿ ಮಣ್ಣು. ಇವು ಬೇರೆ ಬೇರೆ ವಸ್ತುಗಳಲ್ಲ, ಒಂದೇ ಬಂಡೆ ಮಳೆನೀರಿನಲ್ಲಿ ಸಿಲಿಕಾವನ್ನು ಕಳೆದುಕೊಂಡು ಕಬ್ಬಿಣ ಮತ್ತು ಅಲ್ಯುಮಿನಿಯಂ ಅಂಶಗಳನ್ನು ಉಳಿಸಿಕೊಂಡ ಬೇರೆ ಬೇರೆ ಹಂತಗಳು ಎಂದು ಭೂವಿಜ್ಞಾನ ಓದಿದ ನನ್ನ ಮಗಳು ವಿವರಿಸಿದ್ದಾಳೆ. ನಮ್ಮ ಹಿರಿಯರು ಕಲ್ಲಿಗೂ ಶೇಡಿಗೂ ಬೇರೆ ಹೆಸರಿಟ್ಟದ್ದು ಸರಿಯೆಂದೇ ನನ್ನ ಅಭಿಪ್ರಾಯ, ಏಕೆಂದರೆ ನೀರಿಗಾಗಿ ಆಸರೆಯಿಲ್ಲದೆ ಸುರಂಗ ತೋಡಲು ಗಟ್ಟಿಯಾದ ಮುರಕಲ್ಲೇ ಬೇಕು, ಶೇಡಿಯನ್ನು ನಂಬುವಂತಿಲ್ಲ. ಟೀಚರ್, ಮಕ್ಕಳಿಗೆ ‘ಮುರಕಲ್ಲು’ ಮತ್ತು ‘ಜಂಬಿಟ್ಟಿಗೆ ಮಣ್ಣು’ ಎಂಬೆರಡನ್ನೂ ಬೇರೆ ಬೇರೆಯಾಗಿ ಬರೆಸಿರಿ.

ಬದಿಯಡ್ಕದ ಅಧ್ಯಾಪಿಕೆ
ಮೂವರಿಗೂ ಕೃತಜ್ಞತೆಗಳು. ನಾಳಿನ ತರಗತಿಗೆ ಒಂದು ಮುರಕಲ್ಲಿನ ತುಂಡನ್ನೂ ಒಂದು ಹಿಡಿ ಶೇಡಿಯನ್ನೂ ಕೊಂಡೊಯ್ಯುತ್ತೇನೆ.