ಸಹಾಯ ಬೇಕು: ಮಡಚುವ ಚಾಕು, ಮನೆಯಲ್ಲಿ ಯಾರಿಗೆ ಯಾವುದು?
ದಾವಣಗೆರೆಯ ಗೆಳೆಯರೇ, ದೀಪಾವಳಿಗೆ ಮೂವರಿಗೆ ಮರದ ಹಿಡಿಯ ಮಡಚುವ ಚಾಕು ಕೊಡಬೇಕು.

ಅಪ್ಪಾಜಿಗೆ ಫ್ರಾನ್ಸಿನ ಒಪಿನೆಲ್ 8ನೇ ನಂಬರ್ ನೋಡಿಟ್ಟಿದ್ದೇನೆ, ಅಲಗು 8.5 ಸೆಂ.ಮೀ. ಬುಡದ ಉಂಗುರ ತಿರುಗಿಸಿದರೆ ಅಲಗು ಬೆರಳ ಮೇಲೆ ಮಡಚಿಕೊಳ್ಳಲ್ಲ. ಬರೀ ಸ್ಪ್ರಿಂಗ್ ಬಿಗಿಯಲ್ಲಿ ನಿಲ್ಲುವಂಥವು ವಯಸ್ಸಾದ ಕೈಗೆ ಬೇಡ. ಗೊಂದಲ ಇರೋದು ಉಕ್ಕಿನದು. ಕಾರ್ಬನ್ ಸ್ಟೀಲ್ ಮಸೆಯೋಕೆ ಸುಲಭ. ಆದರೆ ನಿಂಬೆಹಣ್ಣು, ಮಾವಿನಕಾಯಿ ಕೊಯ್ದು ಹಾಗೇ ಬಿಟ್ಟರೆ ಕಪ್ಪಾಗುತ್ತೆ, ಒದ್ದೆಯಲ್ಲೇ ಮಡಚಿದರೆ ತುಕ್ಕು. ಅಪ್ಪಾಜಿ ಒರೆಸಿಡುವ ಪೈಕಿ ಅಲ್ಲ, ಹಾಗಾಗಿ ಸ್ಟೇನ್‌ಲೆಸ್ಸೇ ಸರಿ ಅಲ್ವಾ? ಇನ್ನೊಂದು, ಬೀಚ್ ಮರದ ಹಿಡಿ ನೀರು ಕುಡಿದರೆ ಉಬ್ಬಿ ಅಲಗನ್ನು ಕಚ್ಚಿಕೊಳ್ಳುತ್ತೆ, ಉಗುರು ಹಾಕಿ ಎಳೆದರೂ ಬರಲ್ಲ. ಅಗಸೆ ಎಣ್ಣೆ ಎಷ್ಟು ಸಲ ಹಚ್ಚಿ ಒಣಗಿಸಬೇಕು? (ಕೊಬ್ಬರಿ ಎಣ್ಣೆ ಒಣಗಲ್ಲ, ದಯವಿಟ್ಟು ಅದನ್ನು ಹೇಳಬೇಡಿ.)

ಹೊಸದುರ್ಗದ ಚಿಕ್ಕಪ್ಪ ಮಾವಿನ ಕಸಿ ಕಟ್ಟುತ್ತಾರೆ. ಒಂದೇ ಮಗ್ಗುಲು ಮಸೆದ ಅಲಗು ಚೌಕಿಪೇಟೆಯಲ್ಲಿ ಸಿಗುತ್ತಾ? ಅವರು ಎಡಗೈಯವರು. ಅಂಗಡಿಯಲ್ಲಿ ಕೊಡುವ ಬಲಗೈಯದು ಅವರ ಕೈಲಿ ಓರೆ ಕೊಯ್ಯುತ್ತೆ, ಕಸಿಯ ಎರಡು ಮೈ ಸರಿಯಾಗಿ ಕೂರಲ್ಲ.

ಅತ್ತಿಗೆಗೆ ಹಣ್ಣು ಕೊಯ್ಯೋಕೆ ಒಪಿನೆಲ್‌ನದೇ ಚಿಕ್ಕದು, 6ನೇ ನಂಬರ್ ಸಾಕು. ಅಡಿಕೆಗಂತೂ ಅಲ್ಲ, ಅದಕ್ಕೆ ಅಡಕತ್ತರಿ ಇದೆ. ತೆಳು ಅಲಗಿನ ಬಾಯಿ ಹಾರಿಹೋಗುತ್ತೆ.

ಎಡಗೈ ಕಸಿಚಾಕು ಎಲ್ಲಿ ಸಿಗುತ್ತೆ ಅಂತ ಗೊತ್ತಿದ್ದವರು ಮೊದಲು ತಿಳಿಸಿ.