ಓಡುವ ಬಸ್ಸಿನಲ್ಲಿ ಕಳವಾದರೆ ಕೇಸು ಯಾವ ಊರಿನ ಕೋರ್ಟಿಗೆ?

ಉಣಕಲ್_ಕೆರೆ:
ನಮ್ಮ ಅವ್ವ ಹುಬ್ಬಳ್ಳಿಯಿಂದ ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಬರುತ್ತಿದ್ದರು. ದಾವಣಗೆರೆಯಲ್ಲಿ ಚಹಾಕ್ಕೆ ಇಳಿದಾಗ ಬ್ಯಾಗಿನಲ್ಲಿ ಬಂಗಾರದ ಸರ ಇತ್ತು, ಶಿರಾ ದಾಟಿದ ಮೇಲೆ ನೋಡಿದರೆ ಇಲ್ಲ. ನಡುವೆ ಎಲ್ಲಿ ಹೋಯಿತೋ ದೇವರಿಗೇ ಗೊತ್ತು. ಬೆಂಗಳೂರಿನಲ್ಲಿ ಇಳಿದು ಠಾಣೆಗೆ ಹೋದರೆ "ಇದು ನಮ್ಮ ಸರಹದ್ದಲ್ಲ, ಹಿರಿಯೂರಿಗೋ ಶಿರಾಕ್ಕೋ ಹೋಗಿ" ಅಂದರು. ನಾಳೆ ಕಳ್ಳ ಸಿಕ್ಕರೆ ಕೇಸು ನಡೆಯುವುದು ಎಲ್ಲಿ? ಪ್ರತಿ ತಾರೀಖಿಗೂ ಅವ್ವನ್ನ ಕರೆದುಕೊಂಡು ಅಷ್ಟು ದೂರ ಓಡಾಡಬೇಕಾ?

ಕರಿಕೋಟು:
ಮೊದಲು ಎಫ್‌ಐಆರ್ ಮಾಡಿಸಿ. ಸರಹದ್ದು ಅಲ್ಲ ಅಂತ ವಾಪಸ್ ಕಳಿಸುವ ಹಾಗಿಲ್ಲ. 2024ರ ಜುಲೈ 1ರಿಂದ ಸಿಆರ್‌ಪಿಸಿ ಜಾಗಕ್ಕೆ ಜಾರಿಯಾದ, ಕ್ರಿಮಿನಲ್ ಕೇಸು ನಡೆಸುವ ಕ್ರಮ ಹೇಳುವ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 173ರಲ್ಲೇ ಇದೆ, ಅಪರಾಧ ಎಲ್ಲೇ ಆಗಿರಲಿ ಮಾಹಿತಿ ಕೊಡಬಹುದು. ಜನ ಇದನ್ನೇ ಜೀರೋ ಎಫ್‌ಐಆರ್ ಅನ್ನುವುದು.

ಇನ್ನು ಕೋರ್ಟ್ ವಿಷಯ. ಇಡೀ ರಾಜ್ಯವನ್ನು ಸೆಷನ್ಸ್ ವಿಭಾಗಗಳಾಗಿ ಹಂಚಿರುತ್ತಾರೆ, ನಮ್ಮಲ್ಲಿ ಹೆಚ್ಚೂಕಡಿಮೆ ಜಿಲ್ಲೆಗೊಂದು. ಅದರ ಕೆಳಗೆ ಮ್ಯಾಜಿಸ್ಟ್ರೇಟ್ ಕೋರ್ಟುಗಳು, ತಾಲ್ಲೂಕಿನಲ್ಲಿ ನೀವು ನೋಡುವ ಜೆಎಂಎಫ್‌ಸಿ, ಅಂದರೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್ ಕೋರ್ಟು, ಇವೇ. ಒಂದೊಂದು ಠಾಣೆಯನ್ನು ಒಂದೊಂದು ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹಚ್ಚಿರುತ್ತಾರೆ, ಹಾಗಾಗಿ ಯಾವ ಠಾಣೆ ತನಿಖೆ ಮಾಡುತ್ತದೋ ಚಾರ್ಜ್‌ಶೀಟ್ ಅದರ ಕೋರ್ಟಿಗೇ ಹೋಗುತ್ತದೆ. ಮಾಮೂಲಿ ಕಳ್ಳತನಕ್ಕೆ ಜಾಸ್ತಿ ಅಂದರೆ ಮೂರು ವರ್ಷ ಶಿಕ್ಷೆ, ಬಸ್ಸಿನಂಥ ವಾಹನದೊಳಗಿಂದ ಕದ್ದರೆ ಏಳು ವರ್ಷದ ತನಕ, ಆದರೂ ವಿಚಾರಣೆ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲೇ, ಸೆಷನ್ಸ್ ತನಕ ಹೋಗುವುದಿಲ್ಲ.

ಅಪರಾಧ ಎಲ್ಲಿ ಆಯಿತೋ ಅಲ್ಲೇ ವಿಚಾರಣೆ ಅನ್ನುವುದು ಸಾಮಾನ್ಯ ನಿಯಮ, ಸೆಕ್ಷನ್ 197. ಆದರೆ ಪ್ರಯಾಣದಲ್ಲಿ ಆದದ್ದಕ್ಕೆ 203 ಅಂತ ಬೇರೆಯೇ ಇದೆ. ಆ ಪ್ರಯಾಣದಲ್ಲಿ ಬಸ್ಸು ಹಾದುಹೋದ ಯಾವ ಸರಹದ್ದಿನ ಕೋರ್ಟಾದರೂ ಕೇಸು ನಡೆಸಬಹುದು. ನಿಮ್ಮ ವಿಷಯದಲ್ಲಿ ಬೆಂಗಳೂರೂ ಸೇರುತ್ತದೆ.

ಬಯಲುಸೀಮೆ_ಬಸ್ಸು:
ಸೆಕ್ಷನ್ ಸರಿ ಇದೆ ಸರ್, ಆದರೆ ಕೋರ್ಟ್ ಆರಿಸುವುದು ಫಿರ್ಯಾದಿ ಅಲ್ವಲ್ಲ. ಬೆಂಗಳೂರಿನಲ್ಲಿ ಬರೆದುಕೊಂಡರೂ ಕಡತ ಹಿರಿಯೂರು ಕಡೆಗೇ ಹೋಗುವ ಸಾಧ್ಯತೆ ಜಾಸ್ತಿ, ಯಾಕಂದರೆ ದಾರಿಯಲ್ಲಿನ ಹೋಟೆಲು, ಸಿಸಿಟಿವಿ, ನೋಡಿದವರು ಎಲ್ಲಾ ಅಲ್ಲೇ. ಇನ್ನೊಂದು, ಕಳವು ಮಾಲು ಕಳ್ಳನ ಕೈಯಲ್ಲಿ ಎಲ್ಲಿತ್ತೋ ಆ ಊರಿನ ಕೋರ್ಟಿಗೂ ಅಧಿಕಾರ ಇದೆ. ಸರ ತುಮಕೂರಿನಲ್ಲಿ ಅವನ ಜೇಬಿನಲ್ಲೇ ಸಿಕ್ಕರೆ ಕೇಸು ತುಮಕೂರಿನಲ್ಲಿ ನಡೆದರೂ ಆಶ್ಚರ್ಯ ಇಲ್ಲ.

ಉಣಕಲ್_ಕೆರೆ:
ಹಿರಿಯೂರಿಗೆ ಹೋದರೆ ನಮ್ಮ ಕಡೆಗೆ ವರ್ಗ ಮಾಡಿಸಬಹುದಾ? ಅದಕ್ಕೆ ಹೈಕೋರ್ಟಿಗೆ ಹೋಗಬೇಕು ಅಂದರೆ ನಮಗೆ ಧಾರವಾಡ ಪೀಠವೇ ಹತ್ತಿರ.

ಕರಿಕೋಟು:
ಧಾರವಾಡಕ್ಕೆ ಹೋಗುವುದಿಲ್ಲ. ನೀವು ಎಲ್ಲಿಯವರು ಅಂತ ಅವರು ನೋಡಲ್ಲ, ಕೇಸು ಯಾವ ಜಿಲ್ಲೆಯದು ಅಂತ ನೋಡುತ್ತಾರೆ. ಹಾವೇರಿ ಧಾರವಾಡ ಪೀಠಕ್ಕೆ ಸೇರಿದೆ, ಆದರೆ ಅದೇ ಹೆದ್ದಾರಿಯಲ್ಲಿ ಮುಂದಿನ ದಾವಣಗೆರೆ, ಹಿರಿಯೂರು ಇರುವ ಚಿತ್ರದುರ್ಗ ಬೆಂಗಳೂರಿಗೆ ಸೇರಿವೆ. ಧಾರವಾಡ, ಕಲಬುರಗಿ ಪೀಠಗಳು 2008ರಲ್ಲಿ ಸಂಚಾರಿ ಪೀಠಗಳಾಗಿ ಶುರುವಾಗಿ 2013ರಲ್ಲಿ ಕಾಯಂ ಆದವು, ಜಿಲ್ಲೆಗಳ ಹಂಚಿಕೆ ಮಾತ್ರ ಎಲ್ಲರಿಗೂ ಅನುಕೂಲ ಅನ್ನುವ ಹಾಗಿಲ್ಲ ಬಿಡಿ.

ವರ್ಗ ಕೇಳಬಹುದು, ಆದರೆ ಸುಮ್ನೆ ದೂರ ಅಂದರೆ ಕಷ್ಟ. ಜಯಲಲಿತಾ ಅವರ ಆಸ್ತಿ ಕೇಸನ್ನು 2003ರಲ್ಲಿ ಸುಪ್ರೀಂ ಕೋರ್ಟ್ ಚೆನ್ನೈನಿಂದ ಬೆಂಗಳೂರಿಗೆ ಕಳಿಸಿದ್ದು ಅಲ್ಲಿ ನ್ಯಾಯವಾಗಿ ವಿಚಾರಣೆ ನಡೆಯುವುದು ಅನುಮಾನ ಅಂತ, ಯಾರದೋ ಅನುಕೂಲಕ್ಕಲ್ಲ.

ಬಯಲುಸೀಮೆ_ಬಸ್ಸು:
ಪ್ರತಿ ತಾರೀಖಿಗೂ ಅವ್ವ ಹೋಗಬೇಕಿಲ್ಲ. ಸರ್ಕಾರದ ಪರವಾಗಿ ಎಪಿಪಿ, ಅಂದರೆ ಸರ್ಕಾರಿ ವಕೀಲರು, ಕೇಸು ನಡೆಸುತ್ತಾರೆ, ಅವ್ವ ಸಾಕ್ಷಿ ಮಾತ್ರ. ಸಮನ್ಸ್ ಬಂದಾಗ ಹೋದರೆ ಸಾಕು. ವಯಸ್ಸಾಗಿದ್ದರೆ ವಿಡಿಯೋದಲ್ಲಿ ಸಾಕ್ಷಿ ಹೇಳಲು ಬಿಡಿ ಅಂತ ಎಪಿಪಿ ಮೂಲಕ ಕೇಳಿ, ಜಡ್ಜ್ ಒಪ್ಪಬೇಕು ಅಷ್ಟೇ. ಸರ ಸಿಕ್ಕರೆ ಕೇಸು ಮುಗಿಯುವ ತನಕ ಕಾಯಬೇಡಿ, ಪೊಲೀಸರು ಜಪ್ತಿ ಮಾಡಿದ ಮಾಲು (ಮುದ್ದೆಮಾಲು) ಬಿಡಿಸಿಕೊಳ್ಳಲು ಆ ಕೋರ್ಟಿಗೇ ಅರ್ಜಿ ಹಾಕಿ. ಅಂಗಡಿಯ ಬಿಲ್ಲು ಹುಡುಕಿ ಇಟ್ಟುಕೊಳ್ಳಿ, ಅದಿಲ್ಲದಿದ್ದರೆ ಅವ್ವ ಸರ ಹಾಕಿಕೊಂಡಿರುವ ಫೋಟೋ ಆದರೂ ಇರಲಿ.