ಸ್ಟಾರ್ಟ್-ಸ್ಟಾಪ್ ಕಾರಿಗೆ ಎಜಿಎಂ ಬ್ಯಾಟರಿಯೇ ಬೇಕಾ? ಹಾಕಿಸಿದವರು ಹೇಳಿ

ಜಯನಗರ ಟರ್ಬೊ
ಪೆಟ್ರೋಲ್ ಕಾರು, ಸ್ಟಾರ್ಟ್-ಸ್ಟಾಪ್ ಇದೆ. ಕಂಪನಿಯಿಂದ ಬಂದಿದ್ದು 70 ಆಂಪಿಯರ್-ಅವರ್ ಎಜಿಎಂ (ಗಾಜಿನ ನಾರಿನ ಚಾಪೆ ಆಸಿಡ್ ಹೀರಿಕೊಂಡಿರೋ ಬ್ಯಾಟರಿ), 760 ಸಿಸಿಎ (ಚಳಿಯಲ್ಲಿ ಎಂಜಿನ್ ಸ್ಟಾರ್ಟ್ ಮಾಡೋ ಶಕ್ತಿ). ನಾಲ್ಕು ವರ್ಷ ಆಯ್ತು. ಬಾನೆಟ್ ಕೆಳಗೇ ಇದೆ. ಎರಡು ತಿಂಗಳಿಂದ ಸಿಗ್ನಲ್‌ನಲ್ಲಿ ಎಂಜಿನ್ ತಾನಾಗಿ ಆಫ್ ಆಗ್ತಿಲ್ಲ. ರಾತ್ರಿ ನಿಲ್ಲಿಸಿ ಬೆಳಿಗ್ಗೆ ಮೀಟರ್ ಇಟ್ಟರೆ 12.41 ವೋಲ್ಟ್. ದಿನಕ್ಕೆ ಓಡೋದು 11 ಕಿ.ಮೀ., ಡ್ಯಾಶ್‌ಕ್ಯಾಮ್ ಪಾರ್ಕಿಂಗ್ ಮೋಡ್‌ನಲ್ಲಿರುತ್ತೆ. ಅಂಗಡಿಯಲ್ಲಿ ಎಜಿಎಂ 15,800, ಇಎಫ್‌ಬಿ (ಮಾಮೂಲಿಯದನ್ನೇ ಗಟ್ಟಿ ಮಾಡಿದ್ದು) 9,400, ಮಾಮೂಲಿ ಸೀಲ್ಡ್ 6,900 ಅಂದರು. "ಮೂರೂ ಸೀಲ್ಡೇ ಸಾರ್, ಎಲ್ಲಾ ಒಂದೇ" ಅಂತ ಬೇರೆ. ಯಾವುದು ಹಾಕಿಸಲಿ?

ರಾಯಚೂರು ಡೀಸೆಲ್
ರೊಕ್ಕ ಹೆಚ್ಚಾಗಿದ್ರ ಎಜಿಎಂ ಹಾಕಿಸ್ರಿ. ನಮ್ಮ ಗಾಡಿ ಲೆಕ್ಕ ಕೇಳ್ರಿ. 60 ಆಂಪಿಯರ್ ಎಜಿಎಂ 14,200. ಹಳೇದಕ್ಕ 1,150 ಕಳದು 13,050. ಬಾಳಿದ್ದು 26 ತಿಂಗಳು. ತಿಂಗಳಿಗೆ 502 ರೂಪಾಯಿ ಬಿತ್ತು. ಅದಕ್ಕೂ ಮೊದಲಿದ್ದ ನೀರಿನ ಬ್ಯಾಟರಿ 5,400ಕ್ಕ 40 ತಿಂಗಳು ಬಂದಿತ್ತು, ತಿಂಗಳಿಗೆ 135.

ವಾರಂಟಿ 18+18 ತಿಂಗಳು ಅಂತ ಬರದಿರ್ತಾರ. ಮೊದಲ 18ರಾಗ ಹೋದ್ರ ಹೊಸಾದು. ಆಮ್ಯಾಲ ಬರೇ ಡಿಸ್ಕೌಂಟ್, ಅದೂ ಎಂಆರ್‌ಪಿ ಮ್ಯಾಲ. ಎಂಆರ್‌ಪಿಗೆ ಅಂಗಡ್ಯಾಗ ಯಾರು ತಗೊಳ್ತಾರ್ರೀ? 35 ಪರ್ಸೆಂಟ್ ಬಿಟ್ಟರೂ ನಗದು ರೇಟಿಗಿಂತ 900 ರೂಪಾಯಿ ಅಷ್ಟ ಕಡಿಮಿ ಆತು.

ಹೆಂಗ ಸತ್ತದ ಅಂತ ತೂಕ ಮಾಡಿದ್ರ ತಿಳೀತದ. ಹೊಸಾದಿದ್ದಾಗ 17.9 ಕೆ.ಜಿ., ತಗದಾಗ 17.3. 600 ಗ್ರಾಂ ನೀರು ಹಾರಿ ಹೋಗ್ಯದ. ಸೀಲ್ಡ್ ಅಂತಾರ ಖರೆ, ಒಳಗ ಒತ್ತಡ ಏರಿದ್ರ ವಾಲ್ವ್ ಬಿಡ್ತದ, ಬಿಟ್ಟ ನೀರು ತಿರುಗಿ ಹಾಕಾಕ ದಾರಿ ಇಲ್ಲ. ಎರಡೂ ಬಾಜು ಉಬ್ಬಿ ಟ್ರೇದಾಗ ಸಿಕ್ಕೊಂಡಿತ್ತು, ಟ್ರೇ ಬೋಲ್ಟ್ ಬಿಚ್ಚಿ ಟ್ರೇ ಸಮೇತ ಎತ್ತಬೇಕಾತು. ಮೇ ತಿಂಗಳ 42 ಡಿಗ್ರಿ ಬಿಸಲಾಗ ಬಾನೆಟ್ ಒಳಗ ಇಡೋ ಸಾಮಾನಲ್ಲ ಇದು.

ಮೀಟರ್ ಭಟ್ರು
ರಾಯಚೂರಿನವರೇ, ಬ್ಯಾಟರಿಗೆ ಬಯ್ಯುವ ಮೊದಲು ಆಲ್ಟರ್ನೇಟರ್ ಎಷ್ಟು ವೋಲ್ಟ್ ಕೊಡ್ತಾ ಇತ್ತು ಅಂತ ನೋಡಿದ್ದೀರಾ? ಎಜಿಎಂಗೆ 25 ಡಿಗ್ರಿಯಲ್ಲಿ 14.4ರಿಂದ 14.8 ಸರಿ. ಒಂದೊಂದು ಡಿಗ್ರಿ ಏರಿದ ಹಾಗೆ ಸುಮಾರು 20 ಮಿಲಿವೋಲ್ಟ್ ಇಳಿಸಬೇಕು. ಬ್ಯಾಟರಿಯೇ 45 ಡಿಗ್ರಿಗೆ ಕಾದರೆ 14.7 ಇದ್ದದ್ದು 14.3ಕ್ಕೆ ಬರಬೇಕು. ಬಾರದಿದ್ದರೆ ಒಳಗೆ ಗ್ಯಾಸ್ ಎದ್ದು ನೀವು ಹೇಳಿದ ಹಾಗೇ ಆಗ್ತದೆ. ಅದು ಚಾರ್ಜಿಂಗ್ ದೋಷ, ಎಜಿಎಂ ದೋಷ ಅಲ್ಲ ಮಾರಾಯ್ರೆ.

ಇನ್ನೊಂದು: ಬ್ಯಾಟರಿ ಸುತ್ತ ಕಪ್ಪು ಫೆಲ್ಟಿನ ಅಂಗಿ ಇತ್ತಾ ಇಲ್ವಾ? ಅದು ಧೂಳಿಗೆ ಅಂತ ಹಾಕಿದ್ದಲ್ಲ, ಎಂಜಿನ್ ಕಾವು ತಡೆಯಲಿಕ್ಕೆ. 10 ಡಿಗ್ರಿ ಹೆಚ್ಚಾದರೆ ಆಯುಷ್ಯ ಹೆಚ್ಚುಕಡಿಮೆ ಅರ್ಧ.

"ಎಲ್ಲಾ ಒಂದೇ" ಅಂದವರಿಗೆ ನಮಸ್ಕಾರ. ಮಾಮೂಲಿ ಸೀಲ್ಡ್ ಅಂದರೆ ಒಳಗೆ ಆಸಿಡ್ ಕುಲುಕಾಡುವ ನೀರಿನ ಬ್ಯಾಟರಿಯೇ, ಮುಚ್ಚಳ ಮಾತ್ರ ಅಂಟಿಸಿದ್ದು. ಮೇಲೆ ಹಸಿರು-ಕಪ್ಪು ತೋರಿಸುವ ಮ್ಯಾಜಿಕ್ ಐ ಇದ್ದರೆ ಅದು ಎಜಿಎಂ ಅಲ್ಲವೇ ಅಲ್ಲ, ಯಾಕಂದರೆ ಆ ಗುಂಡು ತೇಲಲಿಕ್ಕೆ ದ್ರವ ಬೇಕು. ಎಜಿಎಂನಲ್ಲಿ ಆಸಿಡ್ ಪೂರ್ತಿ ಗಾಜಿನ ನಾರಿನ ಚಾಪೆ ಹೀರಿಕೊಂಡಿರ್ತದೆ. ಚಾಪೆಯನ್ನು ಪೂರ್ತಿ ತೋಯಿಸುವುದೂ ಇಲ್ಲ. ಉಳಿದ ಸಂದಿಯಲ್ಲಿ ಪಾಸಿಟಿವ್ ಪ್ಲೇಟಿನ ಆಕ್ಸಿಜನ್ ನೆಗೆಟಿವ್‌ಗೆ ದಾಟಿ ತಿರುಗಿ ನೀರಾಗ್ತದೆ. ಪ್ಲೇಟುಗಳನ್ನು ಒತ್ತಿ ಕೂರಿಸಿರುವುದರಿಂದ ಮಸಾಲೆ ಉದುರುವುದು ಕಡಿಮೆ, ದಿನಕ್ಕೆ ಐವತ್ತು ಸಲ ಸೆಲ್ಫ್ ಹೊಡೆದರೂ ತಡೀತದೆ. ಜೆಲ್ ಬೇರೆ, ಅದರಲ್ಲಿ ಸಿಲಿಕಾ ಹಾಕಿ ಆಸಿಡ್ ಗಟ್ಟಿ ಮಾಡಿರ್ತಾರೆ. ಎರಡಕ್ಕೂ ಒಂದೇ ಚಾರ್ಜರ್ ಮೋಡ್ ಹಾಕುವವರು ಉಂಟು, ಅವರಿಗೂ ನಮಸ್ಕಾರ.

ರಾಯಚೂರು ಡೀಸೆಲ್
ಅಂಗಿ ಇತ್ತು. ಎರಡನೇ ಸರ್ವಿಸ್‌ದಾಗ ಹರದು ಒಗದಾರ. 14.9 ಬರ್ತಿತ್ತು, ಅದೂ ಆಮ್ಯಾಲ ನೋಡಿದ್ದು. ನಿಮ್ಮ ನಮಸ್ಕಾರ ನೀವ ಇಟ್ಕೋರಿ.

ಮೀಟರ್ ಭಟ್ರು
14.9! ಅದನ್ನು ಮೊದಲ ಸಾಲಲ್ಲೇ ಬರೆಯುವುದಲ್ವಾ?

ಏರ್‌ಪೋರ್ಟ್ ಟ್ರಿಪ್ಪು
ನಾನು ಇಎಫ್‌ಬಿ ಪಾರ್ಟಿ. 9,100, ಹಳೇದಕ್ಕೆ 1,300 ಕಳೆದು 7,800. 31 ತಿಂಗಳು, 1.6 ಲಕ್ಷ ಕಿ.ಮೀ., ಇವತ್ತಿಗೂ ಸೆಲ್ಫ್ ಹೊಡೆವಾಗ 10.3ಕ್ಕಿಂತ ಕೆಳಗೆ ಇಳಿದಿಲ್ಲ. ಎಜಿಎಂ ಅಂತ ಇನ್ನೂ ಆರು ಸಾವಿರ ಸುರಿಯೋರು ಸುರೀಲಿ ಗುರು. ಕಂಪನಿ ಕೊಟ್ಟಿದ್ದೇ ಇಎಫ್‌ಬಿ ಆಗಿದ್ರೆ ಇಎಫ್‌ಬಿ ಸಾಕು. ಪ್ಲೇಟಿನ ಮೇಲೆ ಪಾಲಿಯೆಸ್ಟರ್ ಜಾಲರಿ ಹೊದಿಸಿರ್ತಾರೆ, ಮಾಮೂಲಿಗಿಂತ ಜಾಸ್ತಿ ಸೈಕಲ್ ಬರುತ್ತೆ, ಬಿಸಿಲನ್ನ ಎಜಿಎಂಗಿಂತ ಚೆನ್ನಾಗಿ ತಡೆಯುತ್ತೆ. ಆರ್ಡಿನರಿ ಸೀಲ್ಡ್ ಹಾಕಿದ ಪಾರ್ಟಿಗಳನ್ನೂ ನೋಡಿದೀನಿ, ಎಂಟು ಹತ್ತು ತಿಂಗಳಿಗೆ ಡೆಡ್ ಸೆಲ್.

ಆಂಪಿಯರ್ ಅಕ್ಕ
ದಿನಕ್ಕೆ 170 ಕಿ.ಮೀ. ಓಡೋ ಗಾಡಿ ಬ್ಯಾಟರಿ ಯಾವಾಗಲೂ ತುಂಬೇ ಇರುತ್ತೆ ಸ್ವಾಮಿ. ಅದಕ್ಕೆ ಏನು ಹಾಕಿದರೂ ಬಾಳುತ್ತೆ. ನೀವು ಗಾಡಿ ಹತ್ತಿದ ತಕ್ಷಣ ಸ್ಟಾರ್ಟ್-ಸ್ಟಾಪ್ ಬಟನ್ ಒತ್ತಿ ಆಫ್ ಮಾಡ್ತೀರಲ್ವಾ?

ಏರ್‌ಪೋರ್ಟ್ ಟ್ರಿಪ್ಪು
ಮಾಡ್ತೀನಿ. ಎಲ್ರೂ ಮಾಡ್ತಾರೆ. ಎಸಿ ನಿಂತ್ರೆ ಪ್ಯಾಸೆಂಜರ್ ಬೈತಾರೆ.

ಆಂಪಿಯರ್ ಅಕ್ಕ
ಹಂಗಾದ್ರೆ ನಿಮ್ಮ 31 ತಿಂಗಳು ಸ್ಟಾರ್ಟ್-ಸ್ಟಾಪ್ ಬ್ಯಾಟರಿಯ ಅನುಭವವೇ ಅಲ್ಲ.

ಹಳೇ ಬುಲೆಟ್
ಕಾರಿನೋರು ಜಗಳ ಆಡ್ಕೊಳಿ. ಬೈಕಿನ ವಿಷಯಕ್ಕೆ ಬಂದ್ರೆ ಯುಪಿಎಸ್‌ನ 12 ವೋಲ್ಟ್ 7 ಆಂಪಿಯರ್ ಬ್ಯಾಟರಿಯೂ ಎಜಿಎಂ ತಾನೆ. 1,050ಕ್ಕೆ ಸಿಗುತ್ತೆ. ಬೈಕ್ ಬ್ಯಾಟರಿ ಅಂದ ಕೂಡಲೇ 1,900. ಬಾಕ್ಸಿಗೆ ಕೂರಲಿಲ್ಲ ಅಂದ್ರೆ ಅಡಿಗೆ ರಬ್ಬರ್ ಶೀಟ್, ಪಕ್ಕಕ್ಕೆ ಥರ್ಮಾಕೋಲ್. ಎರಡು ವರ್ಷ ಆರಾಮ.

ಆಂಪಿಯರ್ ಅಕ್ಕ
ಕಿಕ್ ಹೊಡೆಯೋ ಗಾಡಿಗೆ ಆರಾಮ. ಸೆಲ್ಫ್ ಇರೋ ಗಾಡಿಗೆ ಇದನ್ನ ಹೇಳಿಕೊಡಬೇಡಿ ದಯವಿಟ್ಟು. ಯುಪಿಎಸ್ ಬ್ಯಾಟರಿಯ ತುದಿ 6.35 ಮಿ.ಮೀ.ನ ತೆಳು ತಗಡು, ಅದಕ್ಕೆ ಚುಚ್ಚೋ ಕನೆಕ್ಟರ್ ತಡೆಯೋದು 15-20 ಆಂಪಿಯರ್. 350 ಸಿಸಿ ಎಂಜಿನ್ ತಿರುಗಿಸೋಕೆ ಸೆಲ್ಫ್ ಒಂದು ಕ್ಷಣಕ್ಕೆ 80-100 ಆಂಪಿಯರ್ ಎಳೆಯುತ್ತೆ. ತಗಡು ಕಾದು ಬುಡದ ಎಪಾಕ್ಸಿ ಬಿರುಕು ಬಿಡುತ್ತೆ, ಅಲ್ಲಿಂದ ಆಸಿಡ್ ಹಬೆ ಮೇಲಕ್ಕೆ ಬಂದು ಹಸಿರು ಪುಡಿ ಕಟ್ಟುತ್ತೆ. ಬೈಕ್ ಬ್ಯಾಟರಿಗೆ ಬೋಲ್ಟ್ ಟರ್ಮಿನಲ್ ಕೊಟ್ಟಿರೋದು ಅದಕ್ಕೇ. ಥರ್ಮಾಕೋಲ್ ಅಂತೂ ಎರಡು ಹಂಪ್‌ಗೆ ಪುಡಿ.

ಬೈಕಿನ ಸೀಲ್ಡ್ ಬ್ಯಾಟರಿ ಉಬ್ಬಿದರೆ ಹೊಸದು ತರೋ ಮೊದಲು ಎಂಜಿನ್ 4,000 ಆರ್‌ಪಿಎಂಗೆ ಏರಿಸಿ ಟರ್ಮಿನಲ್ ಮೇಲೆ ಮೀಟರ್ ಇಡಿ. 14.0-14.5 ಬರಬೇಕು. 15 ದಾಟಿದರೆ ಚಾರ್ಜಿಂಗ್ ವೋಲ್ಟ್ ಹಿಡಿತದಲ್ಲಿಡೋ ರೆಕ್ಟಿಫೈಯರ್ ಹೋಗಿದೆ. ಅದನ್ನ ಬದಲಿಸದೆ ಬ್ಯಾಟರಿ ಹಾಕಿದರೆ ಅದೂ ತಿಂಗಳೊಳಗೆ ಕಡುಬು.

ಹಳೇ ಬುಲೆಟ್
ಕಿಕ್ ಇರೋದೇ ನಿಜವಾದ ಬುಲೆಟ್. ಸೆಲ್ಫ್ ಬುಲೆಟ್ ಬಗ್ಗೆ ನಾನ್ ಮಾತಾಡೇ ಇಲ್ಲ.

ಸ್ಟುಟ್‌ಗಾರ್ಟ್ ಕನ್ನಡಿಗ
ಎಜಿಎಂ ಬಂದ ಕಾರಿಗೆ ಎಜಿಎಂ ಬಿಟ್ಟು ಬೇರೆ ಯೋಚನೆಯೇ ಬೇಡ. ನೆಗೆಟಿವ್ ಕ್ಲಾಂಪಿನ ಮೇಲೆ ಬೆಂಕಿಪೊಟ್ಟಣದಷ್ಟು ಒಂದು ಡಬ್ಬಿ, ತೆಳು ವೈರು ಇದ್ದರೆ ಅದು ಬ್ಯಾಟರಿ ಸೆನ್ಸರ್. ಹೋಗಿಬರುವ ಕರೆಂಟು, ವೋಲ್ಟು, ಕಾವು ಎಲ್ಲಾ ಲೆಕ್ಕ ಇಡುತ್ತದೆ. ಹೊಸ ಬ್ಯಾಟರಿ ಹಾಕಿದ್ದೀವಿ ಅಂತ ಸ್ಕ್ಯಾನರ್‌ನಿಂದ ರಿಜಿಸ್ಟರ್ ಮಾಡದಿದ್ದರೆ ಹಳೇ ಮುದುಕ ಬ್ಯಾಟರಿಯೇ ಇದೆ ಅಂದುಕೊಂಡು ಹಾಗೇ ಚಾರ್ಜ್ ಮಾಡುವ ಗಾಡಿಗಳಿವೆ. ಬಗೆ, ಆಂಪಿಯರ್-ಅವರ್ ಬದಲಾದರೆ ಅದನ್ನೂ ಕೋಡ್ ಮಾಡಬೇಕು. ಎಜಿಎಂ ಅಂತ ಕೋಡ್ ಇರುವ ಗಾಡಿಗೆ ನೀರಿನ ಬ್ಯಾಟರಿ ಹಾಕಿದರೆ 14.8 ಕೊಟ್ಟು ಕುದಿಸುತ್ತದೆ.

ಡಿಕ್ಕಿಯಲ್ಲೋ ಸೀಟಿನ ಕೆಳಗೋ ಬ್ಯಾಟರಿ ಇರುವವರಿಗೆ: ಗಾಳಿ ಕೊಳವೆ ಮರೆಯಬೇಡಿ. ಬ್ಯಾಟರಿಯ ಎರಡು ಕಡೆ ತೂತಿರುತ್ತದೆ. ಒಂದಕ್ಕೆ ಬಿರಡೆ, ಇನ್ನೊಂದಕ್ಕೆ ಹೊರಗೆ ಹೋಗುವ ರಬ್ಬರ್ ಕೊಳವೆ. ಬಿರಡೆ ಹೊಸದರ ಜೊತೆ ಬರದಿದ್ದರೆ ಹಳೇದರಿಂದ ಕಿತ್ತು ಹಾಕಿ. ಸಿಸಿಎ ಕಡಿಮೆ ಇರೋದಂತೂ ತಗೋಬೇಡಿ.

ರಾಯಚೂರು ಡೀಸೆಲ್
ಸಿಸಿಎ ಅಂದ್ರ ಮೈನಸ್ 18 ಡಿಗ್ರಿದಾಗ ಅಳಿಯೋ ಲೆಕ್ಕರೀ. ನಮ್ಮ ಕಡೆ ಪ್ಲಸ್ 18 ಆದ್ರ ಸ್ವೆಟರ್ ಹಾಕ್ತೀವಿ.

ಸ್ಟುಟ್‌ಗಾರ್ಟ್ ಕನ್ನಡಿಗ
ಅಳೆಯುವುದು ಚಳಿಯಲ್ಲಿ, ಹೇಳುವುದು ಒಳಗಿನ ಪ್ರತಿರೋಧದ ಬಗ್ಗೆ. ಬ್ಯಾಟರಿ ಮುದಿಯಾಗಿದೆಯಾ ಅಂತ ಟೆಸ್ಟರ್ ಹೇಳುವುದು ಅದರಿಂದಲೇ. ರಾಯಚೂರಿಗೂ ಅದು ಬೇಕು.

ಮೀಟರ್ ಭಟ್ರು
ಸ್ಟುಟ್‌ಗಾರ್ಟಿನವರು ಹೇಳಿದ್ದು ಸರಿ, ಆದರೆ ಟೆಸ್ಟರಿನಲ್ಲಿ ಎಜಿಎಂ ಅಂತ ಆರಿಸಿ, ಲೇಬಲ್ ಮೇಲೆ ಇಎನ್ ಇದ್ದರೆ ಇಎನ್, ಎಸ್‌ಎಇ ಇದ್ದರೆ ಎಸ್‌ಎಇ (ಎರಡೂ ಸಿಸಿಎ ಅಳೆಯುವ ಬೇರೆ ಬೇರೆ ಮಾನದಂಡ) ಒತ್ತಬೇಕು. ಅಂಗಡಿಯಲ್ಲಿ ಅದು ಸದಾ ಮಾಮೂಲಿ ಬ್ಯಾಟರಿಗೇ ಸೆಟ್ ಆಗಿರ್ತದೆ. ಒಳ್ಳೇ ಬ್ಯಾಟರಿಗೂ "ಬದಲಿಸಿ" ಅಂತ ಚೀಟಿ ಬರ್ತದೆ, ಅಂಗಡಿಯವರಿಗೆ ಬೇಸರ ಏನಿಲ್ಲ.

ಆಂಪಿಯರ್ ಅಕ್ಕ
ಜಯನಗರದವರೇ, ನಿಮ್ಮ ಪ್ರಶ್ನೆ ಯಾರೂ ಓದಿಲ್ಲ ಅನ್ಸುತ್ತೆ. ಎಜಿಎಂ ತುಂಬಿದ್ದರೆ 12.8ರಿಂದ 13.0. 12.6 ಅಂದ್ರೆ ಮುಕ್ಕಾಲು, 12.3 ಅಂದ್ರೆ ಅರ್ಧ. ನಿಮ್ಮ 12.41 ಸತ್ತಿದ್ದಲ್ಲ, ಹಸಿದಿದ್ದು. ಡ್ಯಾಶ್‌ಕ್ಯಾಮ್ 0.3 ಆಂಪಿಯರ್ ಎಳೆದರೆ 22 ಗಂಟೆಗೆ 6.6 ಆಂಪಿಯರ್-ಅವರ್. 11 ಕಿ.ಮೀ. ಟ್ರಾಫಿಕ್ಕಲ್ಲಿ ಅಷ್ಟೂ ವಾಪಸ್ ತುಂಬೋದು ಕಷ್ಟ. ತುಂಬಿಲ್ಲ ಅಂತ ಸೆನ್ಸರ್‌ಗೆ ಗೊತ್ತಾಗಿ ಸ್ಟಾರ್ಟ್-ಸ್ಟಾಪ್ ನಿಲ್ಲಿಸಿದೆ.

ದುಡ್ಡು ಕೊಡೋ ಮೊದಲು ಒಂದು ರಾತ್ರಿ ಚಾರ್ಜ್ ಮಾಡಿ. ಎಜಿಎಂ ಮೋಡ್ ಇರೋ ಚಾರ್ಜರ್, 7ರಿಂದ 10 ಆಂಪಿಯರ್. ಪಾಸಿಟಿವ್ ಕ್ಲಿಪ್ಪು ಬ್ಯಾಟರಿಗೆ, ನೆಗೆಟಿವ್ ಬಾಡಿ ಅರ್ತ್ ಬೋಲ್ಟಿಗೆ. ಬ್ಯಾಟರಿಯ ನೆಗೆಟಿವ್ ಪೋಸ್ಟಿಗೇ ಹಾಕಿದರೆ ಸೆನ್ಸರ್ ಲೆಕ್ಕ ತಪ್ಪುತ್ತೆ. 14.7ರಲ್ಲಿ ನಿಂತು ಕರೆಂಟು 0.7 ಆಂಪಿಯರ್‌ಗಿಂತ ಕೆಳಗೆ ಇಳಿಯೋವರೆಗೆ ಬಿಡಿ. 16 ವೋಲ್ಟಿನ ರಿಪೇರಿ ಮೋಡ್ ಮುಟ್ಟಬೇಡಿ. ತೆಗೆದು 12 ಗಂಟೆ ಕ್ಯಾಮೆರಾ ಕಿತ್ತಿಟ್ಟು ಆಮೇಲೆ ಅಳೆಯಿರಿ. 12.8 ನಿಂತರೆ ಬ್ಯಾಟರಿ ಬದುಕಿದೆ, ಕ್ಯಾಮೆರಾ ಕಟ್-ಆಫ್ 12.4ಕ್ಕೆ ಏರಿಸಿ ಸಾಕು.

ಏರ್‌ಪೋರ್ಟ್ ಟ್ರಿಪ್ಪು
ರಿಪೇರಿ ಮೋಡ್‌ನಲ್ಲಿ ಎಷ್ಟೋ ಬ್ಯಾಟರಿ ಎದ್ದು ಕೂತಿವೆ ಅಕ್ಕಾ.

ಆಂಪಿಯರ್ ಅಕ್ಕ
ನೀರು ಹಾಕೋ ಬ್ಯಾಟರಿ ಎದ್ದು ಕೂತಿರುತ್ತೆ, ಹೋದ ನೀರು ತುಂಬಿಸಬಹುದು. ರಾಯಚೂರಿನವರ 600 ಗ್ರಾಂ ಕಥೆ ಮೇಲೇ ಇದೆ, ಓದಿ.

ಜಯನಗರ ಟರ್ಬೊ
ಎಲ್ಲರಿಗೂ ಥ್ಯಾಂಕ್ಸ್. ಚಾರ್ಜ್ ಮಾಡಿದೆ. 12 ಗಂಟೆ ಬಿಟ್ಟು 12.58. ಎಜಿಎಂ-ಇಎನ್ ಸೆಟ್ ಮಾಡಿಸಿ ಟೆಸ್ಟ್ ಮಾಡಿಸಿದ್ರೆ 760ಕ್ಕೆ 395. ಹೋಗಿದೆ ಅಂತಲೇ ಆಯ್ತು. ಎಜಿಎಂ ಹಾಕಿಸ್ತಿದೀನಿ. ಫೆಲ್ಟ್ ಅಂಗಿ ನಂದರಲ್ಲಿ ಇದೆ.

ಮೀಟರ್ ಭಟ್ರು
ಅಂಗಡಿಯಲ್ಲೇ ಹೊಸದರ ಮೇಲೆ ಮೀಟರ್ ಇಡಿ. 12.8 ಇದ್ದರೆ ತಗೊಳ್ಳಿ, 12.5ಕ್ಕಿಂತ ಕೆಳಗಿದ್ದರೆ ಗೋಡೌನಿನಲ್ಲಿ ಮಲಗಿದ ಮಾಲು, "ಈಗಲೇ ಚಾರ್ಜ್ ಮಾಡಿ ಕೊಡ್ತೇವೆ" ಅಂದರೂ ಬೇಡ. ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ನೆಗೆಟಿವ್ ಕೊನೆಗೆ, ಸೆನ್ಸರ್ ಡಬ್ಬಿಗೆ ಸುತ್ತಿಗೆ ತಾಗಿಸಬೇಡಿ.

ಜಯನಗರ ಟರ್ಬೊ
ಹಳೇದಕ್ಕೆ 1,200 ಅಂತಿದಾರೆ. ಸರಿನಾ?

ಏರ್‌ಪೋರ್ಟ್ ಟ್ರಿಪ್ಪು
ಎಜಿಎಂ 70 ಅಂದ್ರೆ 20 ಕೆ.ಜಿ. ಹತ್ರ ತೂಗುತ್ತೆ. ಪೀಸ್ ಲೆಕ್ಕ ಒಪ್ಬೇಡಿ, ಕೆ.ಜಿ. ರೇಟು ಕೇಳಿ. ನನ್ನ 1,300 ಹಗುರದ ಬ್ಯಾಟರಿಗೆ ಬಂದಿದ್ದು.

ರಾಯಚೂರು ಡೀಸೆಲ್
ಕಾಟಾ ಮ್ಯಾಲ ನೀವ ಇಡ್ರಿ, ನೀವ ಓದ್ರಿ. ಅಂಗಡಿಯವ ಇಟ್ರ ಇನ್ನೊಂದು 600 ಗ್ರಾಂ ಹಾರಿ ಹೋಗ್ತದ.